ದೀಪಾವಳಿಯಿಂದ ಶಿವರಾತ್ರಿವರೆಗೆ: ಘಟ್ಟಕ್ಕೂ ಕಡಲಿಗೂ ಮೈ ಹದ ಮಾಡಿಕೊಳ್ಳುವುದು ಹೇಗೆ

ಉತ್ತರ ಕನ್ನಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಹೊರಗೆ ಕಾಲಿಟ್ಟರೆ ಕೆಸರು, ಉಂಬಳ, ಜಾರುವ ಪಾಚಿ. ಮಾರ್ಚ್ ಬಂತೆಂದರೆ ಕರಾವಳಿಯಲ್ಲಿ ಬೆಳಿಗ್ಗೆ ಎಂಟಕ್ಕೇ ಅಂಗಿ ಒದ್ದೆ. ನಡುವೆ, ದೀಪಾವಳಿಯಿಂದ ಶಿವರಾತ್ರಿವರೆಗೆ, ನೆಮ್ಮದಿಯಾಗಿ ನಡೆಯಲು, ಹತ್ತಲು, ಓಡಲು ಸಿಗುವುದು ನಾಲ್ಕೇ ತಿಂಗಳು. ಆ ನಾಲ್ಕು ತಿಂಗಳಲ್ಲೇ ನಾವು ಜಾಸ್ತಿ ಕೂತುಬಿಡುತ್ತೇವೆ. ಘಟ್ಟದ ಮೇಲೆ ಬಚ್ಚಲೊಲೆ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ಘಟ್ಟದ ಕೆಳಗೆ ಬೆಳಗಿನ ನಿದ್ದೆ ಸಿಹಿ, ಏಳುವಷ್ಟರಲ್ಲಿ ಬಿಸಿಲು ಏರಿರುತ್ತದೆ.

ನನ್ನ ಮನೆ ಶಿರಸಿ ಕಡೆ, ಕೆಲಸ ಕಾರವಾರದಲ್ಲಿ. ವಾರದಲ್ಲಿ ಐದು ದಿನ ಕಡಲಿನ ಪಕ್ಕ, ಎರಡು ದಿನ ಅಡಿಕೆ ತೋಟದ ಪಕ್ಕ. ಎರಡೂ ಕಡೆಯ ಚಳಿಗಾಲ ಬೇರೆ ಬೇರೆ ಅಂತ ಮೈಯೇ ಹೇಳಿಕೊಟ್ಟಿದೆ. ಕೆಲವು ವರ್ಷಗಳಿಂದ ನಾನು ಪಾಲಿಸುತ್ತಿರುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇದರ ತಿರುಳು ಇಷ್ಟೇ: ಮೊದಲು ಹೋಗಬೇಕಾದ ಜಾಗ ಆರಿಸಿ, ಆಮೇಲೆ ಆ ಜಾಗಕ್ಕೆ ಬೇಕಾದ ಕಾಲನ್ನು ಜಿಮ್‌ನಲ್ಲಿ ತಯಾರು ಮಾಡಿ.

ಮೊದಲು ಜಾಗ, ಆಮೇಲೆ ಜಿಮ್

ದೀಪಾವಳಿ ಅಮಾವಾಸ್ಯೆಯಿಂದ ಶಿವರಾತ್ರಿಗೆ ಸಾಮಾನ್ಯವಾಗಿ ಒಂದು ದಿನ ಕಡಿಮೆ ನಾಲ್ಕು ಚಾಂದ್ರಮಾನ ತಿಂಗಳು. ಅಂದರೆ 16ರಿಂದ 17 ವಾರ. ಕ್ಯಾಲೆಂಡರ್ ತೆಗೆದುಕೊಂಡು ಕೊನೆಯ ಎರಡು ವಾರದೊಳಗೆ ಒಂದು ಭಾನುವಾರಕ್ಕೆ ಗುರುತು ಹಾಕಿ. ಆ ದಿನ ಎಲ್ಲಿಗೆ ಅಂತ ಅಲ್ಲೇ ಬರೆಯಿರಿ. ಗೋಕರ್ಣದ ಮುಖ್ಯ ಕಡಲತೀರದಿಂದ ಕುಡ್ಲೆ, ಓಂ, ಹಾಫ್ ಮೂನ್ ದಾಟಿ ಪ್ಯಾರಡೈಸ್ ಬೀಚ್‌ವರೆಗಿನ ನಡಿಗೆ ಇರಬಹುದು. ಉಂಚಳ್ಳಿ ಜಲಪಾತದ ಮೆಟ್ಟಿಲು ಇರಬಹುದು. ಮನೆಯವರೆಲ್ಲ ಜೊತೆಗೆ ಬರುವುದಾದರೆ ಯಾಣ ಒಳ್ಳೆಯದು.

ಜಾಗ ಆರಿಸಿದವರು ಜಿಮ್ ಬಿಡುವುದು ಕಡಿಮೆ. ‘ತೂಕ ಇಳಿಸಬೇಕು’ ಅಂತ ಸೇರಿದವರು ಸಂಕ್ರಾಂತಿ ಹೊತ್ತಿಗೆ ಕಾಣೆಯಾಗುವುದನ್ನು ಪ್ರತಿ ವರ್ಷ ನೋಡುತ್ತೇನೆ. ತಕ್ಕಡಿಯ ಮುಳ್ಳು ವಾರಗಟ್ಟಲೆ ಅಲ್ಲಾಡದೆ ಇರಬಹುದು, ಆಗ ಬೇಸರ ಬರುವುದು ಸಹಜ ಅಲ್ವಾ? ಮೆಟ್ಟಿಲು ಹತ್ತುವಾಗಿನ ಏದುಸಿರು ಮಾತ್ರ ಮೂರ್ನಾಲ್ಕು ವಾರದಲ್ಲೇ ಕಡಿಮೆಯಾಗುತ್ತದೆ. ಅದು ಕೈಗೆ ಸಿಗುವ ಗೆಲುವು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಚಟುವಟಿಕೆ ಬೇಕು. ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ. ನನ್ನ ವಾರ ಹೀಗಿದೆ: ಮಂಗಳವಾರ ಮತ್ತು ಶುಕ್ರವಾರ ಜಿಮ್, ಬುಧವಾರ 45 ನಿಮಿಷ ಕಡಲತೀರದಲ್ಲಿ ನಡಿಗೆ, ಭಾನುವಾರ ಎರಡು ಮೂರು ಗಂಟೆ ಹೊರಗೆ. ಉಳಿದ ಮೂರು ದಿನ ವಿಶ್ರಾಂತಿ. ಇಷ್ಟರಲ್ಲೇ ಆ ಲೆಕ್ಕ ತುಂಬುತ್ತದೆ.

ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ದಮ್ಮು ಇದ್ದವರು ಶುರು ಮಾಡುವ ಮೊದಲೇ ವೈದ್ಯರನ್ನು ಕಾಣಿ. ಚಳಿಗೆ ರಕ್ತನಾಳ ಬಿಗಿಯಾಗುತ್ತದೆ, ಬಿಪಿ ಏರುತ್ತದೆ. ದಮ್ಮು ಇದ್ದವರಿಗೆ ತಣ್ಣನೆಯ ಒಣ ಗಾಳಿಯೇ ಉಬ್ಬಸ ತರಬಹುದು. ಉಬ್ಬಸದ ಪಂಪ್ (ಇನ್‌ಹೇಲರ್) ಜೇಬಿನಲ್ಲಿರಲಿ, ಮೂಗಿಗೆ ಒಂದು ತೆಳು ಬಟ್ಟೆ ಇರಲಿ. ನಡೆಯುವಾಗ ಎದೆ ಬಿಗಿದರೆ, ನೋವು ಕೈಗೋ ದವಡೆಗೋ ಹರಿದರೆ ಅಲ್ಲೇ ನಿಂತು ಸಹಾಯ ಕೇಳಿ. ‘ಗ್ಯಾಸು’ ಅಂತ ಸುಮ್ನೆ ಮುಂದೆ ಹೋಗಬೇಡಿ.

ಹೊತ್ತು ನೋಡಿಕೊಳ್ಳಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಚಳಿಗಾಲ ಅಂದರೆ ಬೆಳಿಗ್ಗೆ ಎರಡು ಗಂಟೆ ಹೊತ್ತು ಮಾತ್ರ. ರಾತ್ರಿ 20 ಡಿಗ್ರಿ ಆಸುಪಾಸಿಗೆ ಇಳಿದದ್ದು ಮಧ್ಯಾಹ್ನ 32, 33ಕ್ಕೆ ಏರುತ್ತದೆ. ಬೆಳಿಗ್ಗೆ ಘಟ್ಟದ ಕಡೆಯಿಂದ ಒಣ ಗಾಳಿ ಬೀಸುತ್ತದೆ. ಬಿಸಿಲು ಏರಿದ ಮೇಲೆ ಗಾಳಿ ತಿರುಗಿ ಕಡಲಿನಿಂದ ಬರುತ್ತದೆ. ಆ ತಿರುಗುವ ಮೊದಲಿನ ಹೊತ್ತು ತುಂಬಾ ಧಗೆ. ಹಾಗಾಗಿ ಹೊರಗಿನ ಕೆಲಸ ಬೆಳಿಗ್ಗೆ ಒಂಬತ್ತರೊಳಗೆ ಮುಗಿಯಲಿ, ಇಲ್ಲವೇ ಸಂಜೆ ಐದರ ಮೇಲೆ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಏಳರ ಹೊತ್ತಿಗೆ. ಆರೂಮುಕ್ಕಾಲಿಗೆ ಮನೆ ಬಿಟ್ಟರೆ ಸರಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಲೆಕ್ಕ ಬೇರೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ 15 ಡಿಗ್ರಿ ಆಸುಪಾಸು. ಇಬ್ಬನಿ ಬಿದ್ದ ರಸ್ತೆಯಲ್ಲಿ ಎದುರು ಬರುವ ಬೈಕು ಕಾಣುವುದಿಲ್ಲ. ಕಾಡಂಚಿನ ದಾರಿಯಲ್ಲಿ ಮಸುಕಿನಲ್ಲಿ ಕಾಡುಕೋಣ ನಿಂತಿರುವುದೂ ಉಂಟು. ಇಲ್ಲಿ ಬೆಳಕು ಸರಿಯಾಗಿ ಹರಿದ ಮೇಲೆ, ಏಳೂವರೆಯ ನಂತರ ಹೊರಡಿ. ಹತ್ತೂವರೆವರೆಗೂ ಬಿಸಿಲು ಹಿತವಾಗಿಯೇ ಇರುತ್ತದೆ.

ಒಂದೇ ದಪ್ಪ ಸ್ವೆಟರ್‌ಗಿಂತ ಎರಡು ತೆಳು ಅಂಗಿ ಒಳ್ಳೆಯದು. ಹೊರಡುವಾಗ ಸ್ವಲ್ಪ ಚಳಿ ಅನಿಸುವಷ್ಟೇ ಬಟ್ಟೆ ಹಾಕಿ. ಹತ್ತು ನಿಮಿಷಕ್ಕೆ ಮೈ ಬಿಸಿಯಾಗುತ್ತದೆ, ಮೇಲಿನದನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಿ. ಮುಗಿದ ಕೂಡಲೇ ಬೆವರಿನ ಅಂಗಿ ಬದಲಾಯಿಸಿ.

ಮೈ ಬಿಸಿಯಾಗದೆ ಭಾರ ಮುಟ್ಟಬೇಡಿ

ಈ ಹಂತದ ಬಗ್ಗೆ ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇದನ್ನು ಬಿಟ್ಟದ್ದಕ್ಕೆ ನಾನು ಒಂದು ಇಡೀ ಚಳಿಗಾಲ ಕಳೆದುಕೊಂಡೆ. ಮೊದಲ ವರ್ಷ ಜಿಮ್ ಸೇರಿದ ಮೂರನೇ ದಿನ. ಬೆಳಿಗ್ಗೆ ಆರು ಗಂಟೆ, ಕೈ ಇನ್ನೂ ತಣ್ಣಗಿತ್ತು. ಅಲ್ಲಿ ಹೇಳಿಕೊಡುತ್ತಿದ್ದವರು ನೇರ ಡೆಡ್‌ಲಿಫ್ಟ್‌ಗೆ (ನೆಲದ ಮೇಲಿನ ರಾಡನ್ನು ಎತ್ತುವುದು) ನಿಲ್ಲಿಸಿ, ರಾಡಿಗೆ ಎರಡೂ ಕಡೆ ಪ್ಲೇಟ್ ಏರಿಸಿದರು. ನಾಲ್ಕನೇ ಸಲ ಎತ್ತುವಾಗ ಸೊಂಟ ಹಿಡಿಯಿತು. ಮೂರು ವಾರ ಬಗ್ಗಿ ಚಪ್ಪಲಿ ಹಾಕಲಾಗಲಿಲ್ಲ. ಆ ವರ್ಷ ಅಂದುಕೊಂಡಿದ್ದ ಯಾವ ಜಾಗಕ್ಕೂ ಹೋಗಲಿಲ್ಲ. ಹೊಸಬರಿಗೆ ಮೊದಲ ವಾರವೇ ಭಾರ ಏರಿಸುವುದು ತಪ್ಪು. ಯಾರೇ ಹೇಳಿದರೂ ‘ಬೇಡ’ ಅನ್ನುವ ಹಕ್ಕು ನಿಮಗಿದೆ.

ತಣ್ಣಗಿರುವ ಸ್ನಾಯು ಬಿಗಿಯಾಗಿರುತ್ತದೆ, ಬೇಗ ಉಳುಕುತ್ತದೆ. ಬೇಸಿಗೆಯಲ್ಲಿ ಐದು ನಿಮಿಷ ಸಾಕಾದರೆ ಚಳಿಯಲ್ಲಿ ಹತ್ತರಿಂದ ಹನ್ನೆರಡು ನಿಮಿಷ ಬೇಕು. ಮೊದಲ ಐದು ನಿಮಿಷ ಟ್ರೆಡ್‌ಮಿಲ್ ಮೇಲೆ ಅಥವಾ ಅಂಗಳದಲ್ಲಿ ಬಿರುಸಾಗಿ ನಡೆಯಿರಿ. ಆಮೇಲೆ ಭುಜ ಮುಂದೆ ಹಿಂದೆ ಹತ್ತತ್ತು ಸುತ್ತು. ಗೋಡೆ ಹಿಡಿದು ಒಂದೊಂದೇ ಕಾಲನ್ನು ಮುಂದಕ್ಕೆ ಹಿಂದಕ್ಕೆ ಹತ್ತು ಸಲ ಬೀಸಿ. ಭಾರವಿಲ್ಲದೆ ಹತ್ತು ಬಸ್ಕಿ, ನಿಧಾನಕ್ಕೆ. ತುದಿಗಾಲಲ್ಲಿ ಹದಿನೈದು ಸಲ ಏಳಿ, ಇಳಿಯಿರಿ. ಹಣೆಯಲ್ಲಿ ಸಣ್ಣಗೆ ಬೆವರು ಕಂಡರೆ ಮೈ ತಯಾರಾಯಿತು ಅಂತ ಅರ್ಥ. ಎಳೆದು ಹಿಡಿದು ನಿಲ್ಲುವ ಸ್ಟ್ರೆಚಿಂಗ್ ಎಲ್ಲವೂ ವ್ಯಾಯಾಮ ಮುಗಿದ ಮೇಲೆ.

ಜಿಮ್‌ನ ಎರಡು ದಿನ

ಸೇರುವ ಮುಂಚೆ ಒಮ್ಮೆ ಹೋಗಿ ನೋಡಿ. ನೆಲ ಒಣಗಿದೆಯಾ, ಗಾಳಿ ಆಡುತ್ತದೆಯಾ, ಕೇಬಲ್‌ಗೆ ತುಕ್ಕು ಹಿಡಿದಿದೆಯಾ. ಕಡಲ ಪಕ್ಕದ ಊರಲ್ಲಿ ಉಪ್ಪು ಗಾಳಿಗೆ ಕಬ್ಬಿಣ ಬೇಗ ಹಾಳಾಗುತ್ತದೆ. ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ, ಮೊದಲು ಒಂದು ತಿಂಗಳದ್ದು ಕಟ್ಟಿ.

ಹತ್ತಿ ಇಳಿಯುವ ಕಾಲಿಗೆ, ಬ್ಯಾಗ್ ಹೊರುವ ಬೆನ್ನಿಗೆ ಐದಾರು ವ್ಯಾಯಾಮ ಸಾಕು. ಡಂಬೆಲ್ ಎದೆಗೆ ಹಿಡಿದು ಸ್ಕ್ವಾಟ್, ಅಂದರೆ ಬಸ್ಕಿ. ಮೊಣಕಾಲೆತ್ತರಕ್ಕಿಂತ ತುಸು ಕಡಿಮೆ ಇರುವ ಪೆಟ್ಟಿಗೆ ಮೇಲೆ ಹತ್ತಿ ಇಳಿಯುವುದು. ಹಗುರ ಭಾರದ ಡೆಡ್‌ಲಿಫ್ಟ್, ಬೆನ್ನು ನೇರ ಇಟ್ಟುಕೊಂಡು. ಎದೆಗೆ ಪುಷ್‌ಅಪ್, ನೆಲದ ಮೇಲೆ ಆಗದಿದ್ದರೆ ಬೆಂಚಿಗೆ ಕೈ ಕೊಟ್ಟು. ಬೆನ್ನಿಗೆ ಡಂಬೆಲ್ ರೋ (ಬಗ್ಗಿ ಡಂಬೆಲನ್ನು ಸೊಂಟದ ಕಡೆಗೆ ಎಳೆಯುವುದು) ಅಥವಾ ಲ್ಯಾಟ್ ಪುಲ್‌ಡೌನ್ (ಮೇಲಿನ ಸರಳನ್ನು ಎದೆಯ ಕಡೆಗೆ ಎಳೆಯುವುದು). ಕೊನೆಗೆ 20ರಿಂದ 40 ಸೆಕೆಂಡ್ ಪ್ಲ್ಯಾಂಕ್, ಅಂದರೆ ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ನೇರ ಹಿಡಿಯುವುದು. ಪ್ಲ್ಯಾಂಕ್ ಬಿಟ್ಟು ಒಂದೊಂದನ್ನೂ 8ರಿಂದ 12 ಸಲ ಮಾಡಿದರೆ ಒಂದು ಸೆಟ್, ಅಂಥ ಎರಡು ಸೆಟ್. ನಾಲ್ಕನೇ ವಾರದಿಂದ ಮೂರು ಸೆಟ್. ಸೆಟ್ ನಡುವೆ ಒಂದರಿಂದ ಒಂದೂವರೆ ನಿಮಿಷ ಬಿಡುವು. ಎಲ್ಲ ಸೇರಿ 50 ನಿಮಿಷ.

ಭಾರ ಎಷ್ಟಿರಬೇಕು? ಸೆಟ್ ಮುಗಿದಾಗ ‘ಇನ್ನೂ ಎರಡು ಆಗುತ್ತಿತ್ತು’ ಅನಿಸಬೇಕು. ಎರಡು ಸಲ ಸತತವಾಗಿ 12 ಸರಾಗವಾಗಿ ಬಂದರೆ ಮುಂದಿನ ಸಲ ಎರಡು, ಎರಡೂವರೆ ಕೆಜಿ ಏರಿಸಿ. ಜಾಸ್ತಿ ಬೇಡ.

ಇಲ್ಲಿ ಒಂದು ಮುಖ್ಯ ವಿಷಯ. ಕೆಳಗೆ ಇಳಿಯುವುದನ್ನು ಅಭ್ಯಾಸ ಮಾಡಿ. ಘಟ್ಟ ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ತೊಡೆ ಸೋಲುತ್ತದೆ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಿಡಿಯಬೇಕು. ಮರುದಿನ, ಮೂರನೇ ದಿನ ಮೆಟ್ಟಿಲು ಇಳಿಯುವಾಗ ಕಾಲು ನಡುಗುವುದು ಅದಕ್ಕೇ. ಸ್ಕ್ವಾಟ್‌ನಲ್ಲಿ ಕೂರುವಾಗ ಮನಸ್ಸಿನಲ್ಲೇ ಮೂರು ಎಣಿಸಿ, ಏಳುವುದು ಒಂದೇ ಎಣಿಕೆಗೆ. ಪೆಟ್ಟಿಗೆಯಿಂದ ಇಳಿಯುವಾಗಲೂ ಅಷ್ಟೇ ನಿಧಾನ, ಮೊಣಕಾಲು ಒಳಗೆ ಬಾಗದಂತೆ. ಆರೇಳು ವಾರ ಹೀಗೆ ಮಾಡಿದ ಮೇಲೆ ನನ್ನ ಮಂಡಿನೋವಿನ ದೂರು ನಿಂತಿತು.

ಹಳ್ಳಿಯಲ್ಲಿ ಜಿಮ್ ಇಲ್ಲ ಅಂದರೂ ಕೆಲಸ ನಿಲ್ಲುವುದಿಲ್ಲ. ಬೆನ್ನಿನ ಬ್ಯಾಗಿಗೆ ಐದು ಕೆಜಿ ಅಕ್ಕಿ ಚೀಲ ಹಾಕಿ ಜಗುಲಿ ಮೆಟ್ಟಿಲು ಹತ್ತಿ ಇಳಿಯಿರಿ. ಎರಡು ಕೈಯಲ್ಲಿ ನೀರು ತುಂಬಿದ ಕೊಡ ಹಿಡಿದು ಅಂಗಳದಲ್ಲಿ ನಾಲ್ಕು ಸುತ್ತು ನಡೆಯಿರಿ. ಹಳೆಯ ದಂಡ, ಬಸ್ಕಿ ಇವತ್ತಿಗೂ ಒಳ್ಳೆಯ ವ್ಯಾಯಾಮ.

ಅಡಿಕೆ ಕೊಯ್ಲಿನ ಮನೆಯವರಿಗೆ ಒಂದು ಮಾತು. ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಮೂರ್ನಾಲ್ಕು ಗಂಟೆ ಅಡಿಕೆ ಸುಲಿಯುವುದು ಕೈಗೆ ಕೆಲಸ, ಸೊಂಟಕ್ಕೆ ಶಿಕ್ಷೆ. ಅರ್ಧ ಗಂಟೆಗೊಮ್ಮೆ ಎದ್ದು, ಎರಡೂ ಕೈ ಸೊಂಟದ ಹಿಂದಿಟ್ಟು ನಿಧಾನಕ್ಕೆ ಹಿಂದೆ ಬಾಗಿ. ಐದು ಸಲ ಸಾಕು. ನಮ್ಮ ಮನೆಯಲ್ಲಿ ಅತ್ತೆ ಈಗ ಇದನ್ನು ಎಲ್ಲರಿಂದಲೂ ಮಾಡಿಸುತ್ತಾರೆ.

ಮರಳ ಮೇಲೆ ನಡೆಯುವ ದಿನ

ಕಾರವಾರದಲ್ಲಿ ಇದಕ್ಕೆ ರವೀಂದ್ರನಾಥ ಟಾಗೋರ್ ಕಡಲತೀರಕ್ಕಿಂತ ಸುಲಭದ ಜಾಗ ಇಲ್ಲ. ಬೆಳಿಗ್ಗೆ ಅಲ್ಲಿ ನಡೆಯುವವರ ಗುಂಪೇ ಇರುತ್ತದೆ, ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗೂ ಧೈರ್ಯ.

ಮರಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಣ ಮರಳಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಸುಮಾರು ಎರಡು ಪಟ್ಟು ಶಕ್ತಿ ಬೇಕು. ಹಿಮ್ಮಡಿ ಹೂಳುವುದರಿಂದ ಮೀನಖಂಡಕ್ಕೂ ಹಿಮ್ಮಡಿ ನರಕ್ಕೂ ಎಳೆತ ಜಾಸ್ತಿ. ಮೊದಲ ಎರಡು ವಾರ ನೀರಂಚಿನ ಒದ್ದೆ, ಗಟ್ಟಿ ಮರಳಲ್ಲೇ ನಡೆಯಿರಿ. ಮೂರನೇ ವಾರದಿಂದ ಐದು ನಿಮಿಷ ಒಣ ಮರಳು, ಆಮೇಲೆ ವಾರಕ್ಕೆ ಐದೈದು ನಿಮಿಷ ಏರಿಸಿ. ತೀರ ಕಡಲ ಕಡೆಗೆ ಇಳಿಜಾರಾಗಿರುತ್ತದೆ, ಒಂದು ಕಾಲು ಮೇಲೆ, ಒಂದು ಕೆಳಗೆ. ಹೋದ ದಾರಿಯಲ್ಲೇ ಹಿಂದೆ ಬಂದರೆ ಎರಡೂ ಕಾಲಿಗೆ ಸಮ ಆಗುತ್ತದೆ.

ಇಳಿತದ ಹೊತ್ತು ನೋಡಿ ಹೋಗಿ. ಭರತ ಇದ್ದಾಗ ಗಟ್ಟಿ ಮರಳೆಲ್ಲ ನೀರಡಿ ಇರುತ್ತದೆ. ಭರತ ಇಳಿತ ದಿನಕ್ಕೆ ಎರಡು ಸಲ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಸುತ್ತಮುತ್ತ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ. ದೋಣಿಯವರನ್ನು ಕೇಳಿದರೆ ಬಾಯಲ್ಲೇ ಹೇಳುತ್ತಾರೆ.

ವೇಗ ಎಷ್ಟು? ಪಕ್ಕದವರ ಜೊತೆ ಮಾತಾಡಲು ಬರಬೇಕು, ಹಾಡು ಹೇಳಲು ಬರಬಾರದು.

ಮರಳು ಬೇಸರವಾದ ದಿನ ಕಾಳಿ ನದಿ ದಾಟಿ ಸದಾಶಿವಗಡ ಗುಡ್ಡ ಹತ್ತಿ. ಏರು ದೊಡ್ಡದಲ್ಲ, ಮೇಲೆ ನಿಂತರೆ ಕಾಳಿ ಕಡಲು ಸೇರುವುದು ಪೂರ್ತಿ ಕಾಣುತ್ತದೆ.

ಭಾನುವಾರದ ತಿರುಗಾಟ

ಸಣ್ಣದರಿಂದ ದೊಡ್ಡದಕ್ಕೆ ಹೋಗಿ. ನವೆಂಬರ್‌ನಲ್ಲಿ ಒಂದೂವರೆ ಗಂಟೆ, ಫೆಬ್ರವರಿಗೆ ಅರ್ಧ ದಿನ.

ಶಿರಸಿಯವರಿಗೆ ಸಹಸ್ರಲಿಂಗ ಒಳ್ಳೆಯ ಆರಂಭ. ಶಾಲ್ಮಲಾ ನದಿಯ ನೀರು ಇಳಿದು ಬಂಡೆಯ ಮೇಲಿನ ಲಿಂಗಗಳು ಕಾಣುವುದೇ ಚಳಿಗಾಲದಲ್ಲಿ. ಸೋಂದೆ ಕಡೆಯ ರಸ್ತೆ ಸೈಕಲ್‌ಗೂ ಚೆನ್ನ. ಕರಾವಳಿಯಲ್ಲಿ ಸೈಕಲ್ ತುಳಿಯುವವರು ರಾಷ್ಟ್ರೀಯ ಹೆದ್ದಾರಿ 66 ಬಿಟ್ಟು ಊರೊಳಗಿನ ರಸ್ತೆ ಹಿಡಿಯಿರಿ. ಲಾರಿಗಳ ಪಕ್ಕ ವ್ಯಾಯಾಮ ಬೇಡ. ಶಿವರಾತ್ರಿ ದಿನ ಸಹಸ್ರಲಿಂಗದಲ್ಲೂ ಗೋಕರ್ಣದಲ್ಲೂ ಜನಸಾಗರ, ನಡಿಗೆಗೆ ಬೇರೆ ದಿನ ಇಟ್ಟುಕೊಳ್ಳಿ.

ಯಾಣದಲ್ಲಿ ನಡಿಗೆ ಕಡಿಮೆ, ಮೆಟ್ಟಿಲು ಇದೆ, ನೆರಳು ಇದೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಆ ಕಪ್ಪು ಬಂಡೆಯ ಮೇಲೆ ಹೆಜ್ಜೇನು ಗೂಡು ಕಟ್ಟಿರುತ್ತದೆ. ಕೂಗಾಟ ಬೇಡ, ಅತ್ತರು ಬೇಡ, ಬೆಂಕಿ ಹೊಗೆ ಅಂತೂ ಬೇಡವೇ ಬೇಡ.

ಉಂಚಳ್ಳಿ ನನಗೆ ಎಲ್ಲಕ್ಕಿಂತ ಇಷ್ಟ. ಅಘನಾಶಿನಿ ಅಲ್ಲಿ 116 ಮೀಟರ್ ಧುಮುಕುತ್ತಾಳೆ. ಸದ್ದಿಗೆ ಕಿವಿ ಕೇಳಿಸದಂತಾಗುವುದರಿಂದ ಕೆಪ್ಪ ಜೋಗ ಅಂತಲೂ ಹೆಸರು. ನೀರು ಚೆನ್ನಾಗಿ ನೋಡಬೇಕಾದರೆ ಡಿಸೆಂಬರ್ ಒಳಗೇ ಹೋಗಿ. ಇಲ್ಲಿ ಮೊದಲು ಇಳಿಯಬೇಕು, ಸುಸ್ತಾದ ಮೇಲೆ ಹತ್ತಬೇಕು. ಹೋಗುವಾಗ ಹುರುಪಿನಲ್ಲಿ ಓಡಿ ಇಳಿದವರು ಬರುವಾಗ ಪ್ರತಿ ತಿರುವಿನಲ್ಲೂ ಕೂರುತ್ತಾರೆ. ಇಳಿಯಲು ತೆಗೆದುಕೊಂಡ ಸಮಯದ ಎರಡು ಪಟ್ಟು ಹತ್ತಲು ಇಟ್ಟುಕೊಳ್ಳಿ. ನೀರಿಗೆ ಇಳಿಯುವ ಆಸೆ ಬೇಡ.

ಗೋಕರ್ಣದ ನಡಿಗೆಗೆ ಚಪ್ಪಲಿ ಸಾಲದು, ಹಿಡಿತ ಇರುವ ಶೂ ಬೇಕು. ಓಂನಿಂದ ಮುಂದೆ ಗುಡ್ಡದಂಚಿನ ಕಲ್ಲು ದಾರಿ. ಒಬ್ಬರಿಗೆ ಎರಡು ಲೀಟರ್ ನೀರು ಹೊತ್ತುಕೊಂಡೇ ಹೋಗಿ. ಕಡಲು ಚಳಿಗಾಲದಲ್ಲಿ ಶಾಂತ ಕಾಣುತ್ತದೆ, ಆದರೆ ಬಂಡೆಗಳ ನಡುವೆ ಸೆಳೆತ ಇರುತ್ತದೆ. ಜೀವರಕ್ಷಕರು ಬೇಡ ಅಂದ ಕಡೆ ಇಳಿಯಬೇಡಿ.

ಉಣುಗು ಮರೆಯಬೇಡಿ

ಚಳಿಗಾಲದ ತಿರುಗಾಟದ ಬಗ್ಗೆ ಬರೆಯುವವರು ಇದನ್ನು ಬಿಟ್ಟರೆ ನಮ್ಮ ಜಿಲ್ಲೆಗೆ ಅನ್ಯಾಯ. ಉಣುಗು (ಉಣ್ಣೆ) ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರ, ಹೊನ್ನಾವರ, ಶಿರಸಿ, ಅಂಕೋಲಾ, ಜೋಯಿಡಾ ಕಡೆಯೂ ಬಂದಿದೆ. ನವೆಂಬರ್‌ನಿಂದ ಮೇವರೆಗೆ ಒಣ ತರಗೆಲೆಯಲ್ಲಿ ಮರಿ ಉಣುಗು ಜಾಸ್ತಿ. ಥಟ್ಟನೆ ಕಣ್ಣಿಗೆ ಬೀಳದಷ್ಟು ಸಣ್ಣ. ನಾವು ಹೊರಗೆ ಹೋಗುವ ತಿಂಗಳೂ ಅದೇ.

ಹೋಗುವ ಮೊದಲು ಆ ಊರಲ್ಲಿ ಮಂಗ ಸತ್ತ ಸುದ್ದಿ ಇದೆಯಾ ಅಂತ ಆಶಾ ಕಾರ್ಯಕರ್ತೆಯರನ್ನೋ ಆರೋಗ್ಯ ಕೇಂದ್ರದಲ್ಲೋ ವಿಚಾರಿಸಿ. ಇದ್ದರೆ ಆ ಕಾಡಿಗೆ ಹೋಗಬೇಡಿ. ಉಣುಗು ಹತ್ತಿರ ಬಾರದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಉದ್ದ ತೋಳಿನ ತಿಳಿ ಬಣ್ಣದ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿ ನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆ ಸಂದು, ಕಿವಿ ಹಿಂದೆ, ಮಕ್ಕಳ ತಲೆ ನೋಡಿ. ಕಚ್ಚಿಕೊಂಡಿದ್ದರೆ ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಬೆರಳಲ್ಲಿ ಹೊಸಕಬೇಡಿ. ಕಾಯಿಲೆ ಸಾಮಾನ್ಯವಾಗಿ ಮೂರರಿಂದ ಎಂಟು ದಿನದಲ್ಲಿ ಕಾಣಿಸಿಕೊಳ್ಳುತ್ತದೆ. ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳಿ.

ಊಟ, ನೀರು, ನಿದ್ದೆ

ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಹೊರಡುವ ಅರ್ಧ ಗಂಟೆ ಮೊದಲು ಒಂದು ದೊಡ್ಡ ಲೋಟ ಉಗುರುಬೆಚ್ಚಗಿನ ನೀರು ಕುಡಿಯಿರಿ. ಜಿಮ್‌ಗೆ ಮೊದಲು ಒಂದು ಬಾಳೆಹಣ್ಣು ಅಥವಾ ಎರಡು ತೆಳ್ಳೇವು (ತೆಳು ದೋಸೆ) ಸಾಕು. ಬಂದ ಮೇಲೆ ಕುಚ್ಚಲಕ್ಕಿ ಗಂಜಿ, ಜೊತೆಗೆ ಮೀನು, ಮೊಟ್ಟೆ ಅಥವಾ ಬೇಯಿಸಿದ ಹೆಸರುಕಾಳು. ಪೌಡರ್ ಡಬ್ಬಿ ಕೊಳ್ಳಲೇಬೇಕು ಅಂತಿಲ್ಲ. ಆಲೆಮನೆಗೆ ಕರೆದರೆ ಹೋಗಿ, ಕಬ್ಬಿನ ಹಾಲು ಒಂದು ಲೋಟ ಕುಡಿಯಿರಿ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ತಡೆದುಕೊಳ್ಳಬೇಕು.

ಯಕ್ಷಗಾನ ನೋಡಿ ಬೆಳಗಿನ ಜಾವ ಮನೆಗೆ ಬಂದ ದಿನ ಜಿಮ್ ಬೇಡ. ನಿದ್ದೆಗೆಟ್ಟ ಮೈಗೆ ಭಾರ ಕೊಟ್ಟರೆ ಪೆಟ್ಟಾಗುತ್ತದೆ. ಆ ದಿನದ ಪಾಳಿಯನ್ನು ಮರುದಿನಕ್ಕೆ ಹಾಕಿ. ಮದುವೆ, ಕೊಯ್ಲು ಅಂತ ಒಂದು ವಾರ ತಪ್ಪಿದರೆ ಹಿಂದಿನ ಭಾರದಿಂದಲೇ ಮುಂದುವರಿಸಿ. ಎರಡು ವಾರಕ್ಕಿಂತ ಜಾಸ್ತಿ ತಪ್ಪಿದರೆ ಕಾಲುಭಾಗ ಇಳಿಸಿ ಶುರು ಮಾಡಿ.

ಗುರುತು ಹಾಕಿದ ಭಾನುವಾರ

ಹಿಂದಿನ ಮಂಗಳವಾರ ಜಿಮ್‌ನಲ್ಲಿ ಅರ್ಧದಷ್ಟೇ ಮಾಡಿ, ಶುಕ್ರವಾರ ಪೂರ್ತಿ ಬಿಡಿ. ಹೊಸ ಶೂ ಆ ದಿನವೇ ಹಾಕಬೇಡಿ. ಬ್ಯಾಗಿನಲ್ಲಿ ನೀರು, ಬೆಲ್ಲ, ಶೇಂಗಾ, ಬ್ಯಾಂಡೇಜು, ಟಾರ್ಚು. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಜಾಸ್ತಿ, ಆದ್ದರಿಂದ ಎಲ್ಲಿಗೆ, ಎಷ್ಟೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿ ಹೊರಡಿ. ಮೊದಲ ಅರ್ಧ ಗಂಟೆ ಬೇಕೆಂದೇ ನಿಧಾನ ನಡೆಯಿರಿ. ಜೊತೆಗಿರುವವರಲ್ಲಿ ಎಲ್ಲರಿಗಿಂತ ನಿಧಾನದವರನ್ನು ಮುಂದೆ ಬಿಡಿ.

ಮರುದಿನ ತೊಡೆ ನೋಯುತ್ತದೆ. ಮಲಗಿಬಿಡಬೇಡಿ, ಸಂಜೆ ಅರ್ಧ ಗಂಟೆ ಸಮತಟ್ಟು ದಾರಿಯಲ್ಲಿ ಸುಮ್ನೆ ನಡೆಯಿರಿ. ರಾತ್ರಿ ಹಂಡೆಯ ಬಿಸಿ ನೀರು ಕಾಲಿಗೆ ಧಾರಾಳವಾಗಿ ಹಾಕಿಕೊಳ್ಳಿ. ಮೂರ್ನಾಲ್ಕು ದಿನದಲ್ಲಿ ನೋವು ಇಳಿಯತೊಡಗುತ್ತದೆ.